ನಾಲ್ಕು ಸುತ್ತು

ಆರೋಗ್ಯಸ್ವಾಮಿಗೆ ಗಾಡಿಯ ರೋಗ ಹೇಳಲು ಬರುವುದಿಲ್ಲ,
ಹಾಡಿ ತೋರಿಸುತ್ತಾರೆ.
"ಮೂರನೇ ಗೇರಲ್ಲಿ ಮೇಲಿನ ಸಾ ಮುಟ್ಟಿ ನಿಲ್ಲಬೇಕು ಮೇಸ್ತ್ರಿ,
ಈಗ ರಿಷಭಕ್ಕೆ ಏರುತ್ತೆ,
ಏರಿದ್ದೇ ತಡ, ಉಸಿರು ಕಟ್ಟಿ ಎಮ್ಮೆ ಆಗುತ್ತೆ."
ಮದುವೆ ಬ್ಯಾಂಡಿನಲ್ಲಿ ಮೂವತ್ತೊಂದು ವರ್ಷ
ಕ್ಲಾರಿನೆಟ್ ಊದಿದ ಮನುಷ್ಯ.

ಬನ್ನಿಮಂಟಪದ ಈ ಶೆಡ್ಡಿನಲ್ಲಿ
ಹತ್ತು ಗಂಟೆಗೇ ತಗಡು ಕಾದಿರುತ್ತದೆ.
ಶೋಯಬ್ ಸ್ಕ್ಯಾನರ್ ಚುಚ್ಚಿದ.
ಒತ್ತಡ ಹೆಚ್ಚು, ಅಂದಿತು.
ಎಷ್ಟು ಅಂದರೆ ಹೇಳುತ್ತದೆ, ಯಾಕೆ ಅಂದರೆ ಹೇಳುವುದಿಲ್ಲ.
ಮೀಟರು ಸಿಕ್ಕಿಸಿಕೊಂಡು ರಿಂಗ್ ರೋಡಿಗೆ ಹೋದೆವು.
ಕಾಲು ಅದುಮಿದೆ. ಒಂದೂಕಾಲಿಗೆ ನಿಲ್ಲಬೇಕಾದ ಮುಳ್ಳು
ಒಂದೂವರೆ, ಒಂದೂಮುಕ್ಕಾಲು,
ಅಷ್ಟರಲ್ಲಿ ಇಂಜಿನ್ ತಾನೇ ಹೆದರಿ ಕೈಬಿಟ್ಟಿತು.
ಹಿಂದಿನಿಂದ ಕಬ್ಬಿನ ಲಾರಿ ಬಯ್ದುಕೊಂಡು ಮುಂದೆ ಹೋಯಿತು.

ಶೋಯಬ್ ಹೊಸಬ, ಬಿಡಿಸಿ ಹೇಳಬೇಕು.
ನಮ್ಮಪ್ಪ ವಿರಿಜಾ ನಾಲೆಯ ನೀರುಗಂಟಿ;
ನನಗೆ ಗೊತ್ತಿರುವ ಹೋಲಿಕೆ ಅದೊಂದೇ.
ಕೆರೆಗೆ ಕೋಡಿ ಇರುತ್ತಲ್ಲ, ಟರ್ಬೋಗೂ ಹಾಗೆ ಒಂದು ಕದ.
ಗಾಳಿ ಮಟ್ಟ ಮೀರಿದರೆ ಈ ಡಬ್ಬಿಯ ಎದೆ ಉಬ್ಬಿ
ಕಡ್ಡಿ ತಳ್ಳುತ್ತೆ, ಕದ ತೆರೆಯುತ್ತೆ,
ಹೊಗೆ ಚಕ್ರ ತಿರುಗಿಸದೆ ಪಕ್ಕದಲ್ಲಿ ಹರಿದುಹೋಗುತ್ತೆ.
ಕೋಡಿ ಕಟ್ಟಿಕೊಂಡರೆ ಒಡೆಯುವುದು ಏರಿ.

ಡಬ್ಬಿಗೆ ಸುದ್ದಿ ಮುಟ್ಟಿಸುವುದು ಕಿರುಬೆರಳು ಗಾತ್ರದ ರಬ್ಬರ್ ಪೈಪು.
ಅದರ ಬುಡದಲ್ಲಿ ಕೂದಲೆಳೆ ಸೀಳು.
ಬಿಚ್ಚಿ ಬಾಯಲ್ಲಿಟ್ಟು ಊದಿದೆ: ಉಸ್ಸೆಂದಿತು.
ಆರೋಗ್ಯಸ್ವಾಮಿ ಇಸಿದುಕೊಂಡು ತಾವೂ ಊದಿದರು,
ಸೀಳಿನ ಮೇಲೆ ಬೆರಳು ಮುಚ್ಚಿ ತೆಗೆದು, ಮುಚ್ಚಿ ತೆಗೆದು,
"ತೂತು ನಾವಿಟ್ಟ ಕಡೆ ಇದ್ದರೆ ರಾಗ,
ಬೇರೆ ಕಡೆ ಇದ್ದರೆ ಗ್ಯಾರೇಜು" ಅಂದರು.

ಹೊಸ ಪೈಪು ಹಾಕಿ, ಟೀ ಕುಡಿದು, ಗೆದ್ದೆವೆಂದುಕೊಂಡು
ಮತ್ತೆ ರಿಂಗ್ ರೋಡು.
ಮುಳ್ಳು ಒಂದೂವರೆಗೆ ನಿಂತಿತು.
ಎಮ್ಮೆ ಆಗಲಿಲ್ಲ. ವಾಸಿಯೂ ಆಗಿರಲಿಲ್ಲ.

ಕೈಪಂಪಿನಿಂದ ಡಬ್ಬಿಗೆ ನೇರ ಗಾಳಿ ಕೊಟ್ಟೆ.
ಒಂದಕ್ಕೆ ಕಡ್ಡಿ ಮಿಸುಕಬೇಕು. ಮಿಸುಕಲಿಲ್ಲ.
ಒಂದೂಕಾಲು ದಾಟಿದ ಮೇಲೆ
ನಸುಕಿಗೆ ಎಬ್ಬಿಸಿದ ಹುಡುಗನಂತೆ ಸರಿಯಿತು.
ತುಕ್ಕಿಲ್ಲ. ಕದ ಕೈಗೆ ಸಲೀಸು.
ಟಾರ್ಚು ಹಿಡಿಯೋ ಅಂದೆ.
ಕಡ್ಡಿಯ ತುದಿಯ ನಟ್ಟಿನ ಮೇಲೆ, ಮಸಿಯ ಕೆಳಗೆ,
ಹಸಿರು ಗೆರೆ.
ನನ್ನ ಹೆಂಡತಿಯ ಉಗುರುಬಣ್ಣ.
ನನ್ನ ಕೈ ತಾಗಿದ ಕೆಲಸಕ್ಕೆಲ್ಲ ನಾನಿಡುವ ಗುರುತು.

ಎರಡು ವರ್ಷದ ಹಿಂದೆ ಇದೇ ಮನುಷ್ಯ,
"ಡ್ರಮ್ಮು, ಜನ ತುಂಬಿದರೆ ಮೇಲುಕೋಟೆ ಹತ್ತೋಲ್ಲ, ಏನಾದರೂ ಮಾಡು."
ಮಾಡಿದ್ದೆ. ಕದ ತಡವಾಗಿ ತೆರೆಯಲೆಂದು
ಕಡ್ಡಿಯನ್ನು ನಾಲ್ಕು ಸುತ್ತು ಗಿಡ್ಡ ಮಾಡಿದ್ದೆ.
ಹತ್ತಿತ್ತು. ಮೈಸೂರುಪಾಕು ತಂದುಕೊಟ್ಟಿದ್ದರು.
ಎರಡು ವರ್ಷ ಗಾಡಿ ಹಲ್ಲು ಕಚ್ಚಿಕೊಂಡು ಓಡಿದೆ.

ಅಪ್ಪನ ಹತ್ತಿರವೂ ಬರುತ್ತಿದ್ದರು,
ಕೋಡಿಗೆ ಒಂದು ಹಲಗೆ ಅಡ್ಡ ಕೊಡಣ್ಣ,
ಇನ್ನೊಂದು ಗೇಣು ನೀರು ನಿಲ್ಲಲಿ, ಎಂದು.
ಕೊಟ್ಟನೋ ಇಲ್ಲವೋ, ನಾನು ಕೇಳಿದವನಲ್ಲ.

"ಇದನ್ನ ಯಾರಣ್ಣ ಬಿಗಿದಿದ್ದು?" ಶೋಯಬ್ ಕೇಳಿದ.
ಯಾರೋ, ಎಂಬ ಮಾತು ನಾಲಿಗೆಯವರೆಗೂ ಬಂದಿತ್ತು.
ಹತ್ತನೇ ನಂಬರ್ ಸ್ಪ್ಯಾನರ್ ಕೊಡು, ಅಂದೆ.
ಆಮೇಲೆ, ನಾನೇ, ಅಂದೆ.
ಒಂದು. ಎರಡು.
ಆರೋಗ್ಯಸ್ವಾಮಿ ಬಾನೆಟ್ಟಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು.
ಮೂರು. ನಾಲ್ಕು.
ಹಳೆಯ ಗೆರೆ ಒರೆಸಿ, ಹೊಸದು ಎಳೆದೆ.

ಸಂಜೆ ಗಾಡಿ ಮೇಲಿನ ಸಾ ಮುಟ್ಟಿ ನಿಂತಿತು.
ಅವರು ಕಣ್ಣು ಮುಚ್ಚಿ ಕೇಳಿದರು, ತಲೆದೂಗಿದರು,
ಕಣ್ಣು ತೆರೆದು, "ಹಾಗಾದರೆ ಮೇಲುಕೋಟೆ?" ಅಂದರು.
ಎರಡನೇ ಗೇರಲ್ಲಿ ಹತ್ತಿಸಿ, ಅಂದೆ.
ಡ್ರಮ್ಮಿನವರನ್ನ ಬಸ್ಸಿಗೆ ಕಳಿಸಿ.
ಚೀಟಿಯಲ್ಲಿ ಬರೆದದ್ದು ಪೈಪಿನ ನೂರಿಪ್ಪತ್ತು ರೂಪಾಯಿ ಮಾತ್ರ.