ಕಳೆಯುವ ಲೆಕ್ಕ

ಭಾಂಡೂಪ್ ಸ್ಟೇಷನ್ನಿನ ಸೇತುವೆ, ಮೂರನೇ ಮೆಟ್ಟಿಲು,
ರಾತ್ರಿ ಹತ್ತೂಕಾಲು.
ಕರಿಮಣಿ ಕಿತ್ತುಕೊಂಡು ಓಡಿದ.

ಹವಾಲ್ದಾರ್ ಧುಮಾಳ ಬರೆದುಕೊಂಡದ್ದು: ಗಹಾಳ.
ಹಾಗೆಂದರೆ ಕಳೆದದ್ದು.
ಕಳೆದದ್ದಲ್ಲ ಸಾಹೇಬ್ರೇ, ಕಳವು, ಎಂದೆ.
ನನ್ನ ಭಾಷೆಯಲ್ಲಿ ಎರಡೂ ಅಕ್ಕಪಕ್ಕದ ಖೋಲಿಯವು,
ನಡುವೆ ತಗಡಿನ ಗೋಡೆ.

ಚಹಾ ತರಿಸಿದ. ಒಳ್ಳೆಯವನೇ.
"ಕಳೆದರೆ ನಾಳೆಯೇ ಸರ್ಟಿಫಿಕೇಟು, ತಾಯೀ.
ಕಳವಾದರೆ ಕೋರ್ಟು, ತಾರೀಖು, ಮತ್ತೆ ತಾರೀಖು."
ಸಹಿ ಹಾಕಿದೆ.
ಕತ್ತಿನ ಗೀರು ಉರಿಯುತ್ತಿತ್ತು,
ಫಾರಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಈಗ ಚೌಕಿಯ ಹೊರಗೆ ಹೊಸ ಬೋರ್ಡು:
ಈ ವರ್ಷ ನಮ್ಮಲ್ಲಿ ಕಳವು ಹನ್ನೊಂದು ಕಮ್ಮಿ.
ಹನ್ನೊಂದರಲ್ಲಿ ಒಂದು ನಾನು.
ಉಳಿದ ಹತ್ತು ಯಾರು?
ಮೀನಿನವಳ ಮುಂದೆ, ರೇಷನ್ ಸಾಲಿನಲ್ಲಿ
ಹೆಂಗಸರ ಕತ್ತು ನೋಡುತ್ತೇನೆ,
ಒಬ್ಬಳು ಬೈದೂ ಬಿಟ್ಟಳು.

ಮೊನ್ನೆ ನಲ್ಲಿಯ ಹತ್ತಿರ ವಾರಿಜಕ್ಕ
ತಾನಾಗಿ ಸೆರಗು ಸರಿಸಿದಳು.
ಅದೇ ಗೀರು, ಎಡಕ್ಕೆ.
"ಕಳೆಯಿತು ಮಾರಾಯ್ತಿ" ಎಂದು
ಕೊಡ ಎತ್ತಿಕೊಂಡಳು.

ಈಗ ಹತ್ತೂಕಾಲಿನ ಲೋಕಲ್ಲಿನಿಂದ ಜೊತೆಗೇ ಇಳಿಯುತ್ತೇವೆ.
ಪಗಾರು, ಅತ್ತೆ, ಬಂಗಡೆಯ ರೇಟು, ಮಾತೋ ಮಾತು.
ಮೂರನೇ ಮೆಟ್ಟಿಲಿಗೆ ಬಂದಾಗ
ಇಬ್ಬರ ಕೈಯೂ
ಬರಿ ಕೊರಳಿಗೆ ಹೋಗುತ್ತದೆ.