ಹೆಪ್ಪು

ಶಿವರಾತ್ರಿಯ ವಾರ. ಬಳ್ಳಿ ತುಂಬ ಮೆಣಸು.
ಚಾತುವಿಗೆ ಜ್ವರ ಬಂತು, ಕೆಮ್ಮು ಬಂತು,
ಮೂಗಿಗೆ ಯಾವ ವಾಸನೆಯೂ ಇಲ್ಲ.
ಲೈನ್‌ಮನೆಯ ಹತ್ತೂ ಕೋಣೆಯಲ್ಲಿ ಅದೇ ಕೆಮ್ಮು,
ಒಂದು ಬಾಗಿಲಿಂದ ಇನ್ನೊಂದಕ್ಕೆ ಕಡ ಹೋಗುವ ಸಕ್ಕರೆಯ ಹಾಗೆ.
ಮೂವತ್ತಡಿ ಬಿದಿರೇಣಿ ಒಬ್ಬನೇ ಹೊತ್ತು
ಸಿಲ್ವರ್ ಮರಕ್ಕೆ ಚಾಚುತ್ತಿದ್ದವನು
ಚಾಪೆಯಲ್ಲಿ ಮಗ್ಗುಲು ಬದಲಿಸಲೂ ನನ್ನನ್ನು ಕರೆದ.

ಹತ್ತನೇ ದಿನ ಜ್ವರ ಬಿಟ್ಟಿತು.
ಗಂಜಿ ಕುಡಿದ. ಉಪ್ಪಿನಕಾಯಿ ಕೇಳಿದ.
"ಎಡಗಾಲು ಯಾಕೋ ಬಿಗೀತದೆ" ಅಂದ.
ಮೀನಖಂಡ ಊದಿತ್ತು, ಮುಟ್ಟಿದರೆ ಬಿಸಿ.
ಏಣಿ ಹತ್ತುವವರ ಕಾಲಿಗೆ ನೋವು ಹೊಸತೇ?
ಎಣ್ಣೆ ಕಾಯಿಸಿ ನೀವಿದೆ,
ಮೇಲಕ್ಕೆ, ಮೊಣಕಾಲಿನ ತನಕ, ಮತ್ತೆ ಮೇಲಕ್ಕೆ,

ಈ ಕೈಯಲ್ಲಿ.

ಬೆಳಗಿನ ಜಾವ ಎದ್ದು ಕೂತ. ಉಸಿರು ಸಿಗುತ್ತಿಲ್ಲ.
ಏನೋ ಹೇಳಲು ಹೊರಟು ಕೆಮ್ಮಿದ; ಟವಲಿನಲ್ಲಿ ಕೆಂಪು.
ರೈಟರ ಜೀಪು. ಸಿದ್ದಾಪುರದಲ್ಲಿ ನೋಡಿದವರು
ಚೀಟಿಯನ್ನೂ ಪೂರ್ತಿ ಬರೆಯದೆ "ಮಡಿಕೇರಿಗೆ ಓಡಿ" ಅಂದರು.
ಚೆಟ್ಟಳ್ಳಿಯ ತಿರುವುಗಳುದ್ದಕ್ಕೂ ಅವನ ಉಗುರು ನೋಡುತ್ತಾ ಹೋದೆ,
ನೇರಳೆ, ಮತ್ತೂ ನೇರಳೆ.
ಹೂಮಳೆ ಕಂಡ ಕಾಫಿ ಎರಡೂ ಬದಿಗೆ ಬೆಳ್ಳಗೆ ಅರಳಿತ್ತು.
ಆ ಪರಿಮಳ ಜೀಪಿನಲ್ಲಿ ನನಗೂ ಡ್ರೈವರಿಗೂ ಮಾತ್ರ.

ಡಾಕ್ಟರ್ ದೇಚಮ್ಮ ತೋಟದಲ್ಲಿ ಬೆಳೆದವರು.
"ಆನೆ ಬಂತು ಅಂದುಕೋ. ಓಡಿಸಲು ಜನ ನುಗ್ಗಿದರು.
ಆನೆ ಹೋಯಿತು. ನುಗ್ಗಿದವರ ಕಾಲಿಗೆ ಸಿಕ್ಕಿ
ತೋಡಿನ ದಂಡೆ ಕುಸಿಯಿತು.
ದಂಡೆ ಸರಿಮಾಡುತ್ತೇವೆಂದು ಮಣ್ಣು ಸುರಿದವರು
ನೀರಿನ ದಾರಿಯನ್ನೇ ಮುಚ್ಚಿಬಿಟ್ಟರು.
ಕಾಲಲ್ಲಿ ರಕ್ತ ಹೆಪ್ಪುಗಟ್ಟಿ, ಒಂದು ತುಂಡು ಕಿತ್ತು
ಶ್ವಾಸಕೋಶಕ್ಕೆ ಹೋಗಿದೆ."

ತಲೆಯಾಡಿಸಿದೆ. ಆನೆಯ ಕತೆ ಅಲ್ಲೇ ಉಳಿಯಿತು.
ಒಂದು ಮಾತು ನನ್ನ ಜೊತೆ ವಾರ್ಡಿಗೆ ಬಂತು: ಹೆಪ್ಪು.
ಹಾಲಿಗೆ ನಾನು ದಿನಾ ಬಿಡುವುದು ಅರ್ಧ ಚಮಚ.
ಬೆಚ್ಚಗೆ ಮುಚ್ಚಿ, ಅಲ್ಲಾಡಿಸದೆ, ಮೂಲೆಯಲ್ಲಿ ಇಡುವುದು.
ಅವನನ್ನೂ ಹಾಗೇ ಇಟ್ಟಿದ್ದೆನಲ್ಲ,
ಕಂಬಳಿ ಹೊದೆಸಿ, ಏಳಬೇಡ ಎಂದು ಗದರಿಸಿ, ಒಂಬತ್ತು ರಾತ್ರಿ.

"ನಾನು ಕಾಲು ನೀವಿದ್ದೆ" ಎಂದೆ.
ಅವರು ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು.
"ಇನ್ನು ನೀವಬೇಡ. ಊದಿದರೆ ಕರಕೊಂಡು ಬಾ."
ಹೌದೆನ್ನಲಿಲ್ಲ. ಅಲ್ಲವೆನ್ನಲಿಲ್ಲ.

ಹೊಟ್ಟೆಗೆ ಸೂಜಿ; ಚುಚ್ಚಿದಲ್ಲೆಲ್ಲ ನೀಲಿ.
ಆಮೇಲೆ ಮಾತ್ರೆ, ಆರು ತಿಂಗಳು, ಒಂದೂ ತಪ್ಪಬಾರದು.
ರೈಟರು ಮಸ್ಟರಿನಲ್ಲಿ ಹಾಕುವ ಹಾಗೆ
ಕ್ಯಾಲೆಂಡರಿನಲ್ಲಿ ನಾನು ಗೀಟು ಹಾಕುತ್ತೇನೆ.

ಈಗ ಕಕ್ಕಡ. ಅವನಿಗೆ ನೆಲದ ಕೆಲಸ ಮಾತ್ರ;
ಏಣಿಯನ್ನು ಪಕ್ಕದ ಕೋಣೆಯ ಹುಡುಗ ಒಯ್ದ.
ನಿನ್ನೆ ಸಂಜೆ ಬೆರಳ ಸಂದಿಯಿಂದ ಜಿಗಣೆ ಕಿತ್ತ.
ಗಾಯ ರಾಗಿಕಾಳಿನಷ್ಟು. ರಕ್ತ ಮಾತ್ರ
ಸಿಮೆಂಟು ನೆಲ ಹಿಡಿದು ಹೊಸ್ತಿಲ ತನಕ ಹೋಯಿತು.
ಮೊದಲಾದರೆ ಸುಣ್ಣ, ಹೊಗೆಸೊಪ್ಪು ಮೆತ್ತಿ ಮರೆಯುತ್ತಿದ್ದೆ.
ಬಟ್ಟೆ ಒತ್ತಿ ಹಿಡಿದೆ, ಗಡಿಯಾರ ನೋಡಿ,
ಹತ್ತು ನಿಮಿಷ. ಮತ್ತೆ ಹತ್ತು.
ಬಟ್ಟೆಯಡಿಯಲ್ಲಿ ಬೆರಳಿಗೆ ತಾಗುತ್ತಿತ್ತು,
ತೆಳ್ಳಗೆ, ಬಿಸಿಯಾಗಿ, ಇನ್ನೂ ನಡೆಯುತ್ತಾ.

"ನಿಂತಿತಾ?" ಕೇಳಿದ.
"ಇಲ್ಲ, ಬರ್ತಾನೇ ಇದೆ" ಅಂದೆ.
ಯಾಕೆ ನಗ್ತೀ ಎಂದು ಅವನು ಬೈದಾಗಲೇ
ನಾನು ನಗುತ್ತಿದ್ದೆನೆಂದು ನನಗೆ ಗೊತ್ತಾದದ್ದು.