ಎರಡನೇ ಸಾಲು

ಕೋಟೆ ಕಟ್ಟಿದವರಿಗೊಂದು ಕಾರಣವಿತ್ತು:
ಆನೆ ನುಗ್ಗಬಾರದು,
ಅದಕ್ಕೇ ಬಾಗಿಲು ಬಾಗಿಲಿಗೂ ತಿರುವು.
ಮನೆಸಾಲದ ವೆಬ್‌ಸೈಟಿಗೆ
ನಾನ್ಯಾಕೆ ಕಟ್ಟಿದೆ ಏಳು ಪುಟ?

ಲಕ್ಷ್ಮೀ ಬಜಾರಿನ ಮಹಡಿಯಲ್ಲಿ
ಹೊನ್ನೂರಮ್ಮನ ಕೈಗೆ ಫೋನು ಕೊಟ್ಟು ಸುಮ್ಮನೆ ಕೂತೆ.
ಫಾಲ್ಸು ಹೊಲಿದು ಒರಟಾದ ಹೆಬ್ಬೆರಳು
ಮೊದಲ ಸುತ್ತಿನಲ್ಲೇ ತಡವರಿಸಿತು.
ಒಟಿಪಿ ಬಂತು, ಹೋಯಿತು.
ನಗುವ ದಂಪತಿಯನ್ನು ಸರಿಸಿ ಸರಿಸಿ ಕೇಳಿದಳು:
"ತಿಂಗ್ಳಿಗೆ ಎಷ್ಟು ಬೀಳ್ತೈತೆ? ಅದೆಲ್ಲೈತೆ?"

ಆರು ಪುಟ ಕೆಡವಿದೆ.
ಅವಳ ಪ್ರಶ್ನೆಯನ್ನೇ ಹೊಸಿಲಿಗಿಟ್ಟೆ.

ಏಳುವಾಗ, ಸೆರಗಿನ ದಾರದ ಚೂರು ಕೊಡವುತ್ತ, ಇನ್ನೊಂದು:
"ಎರಡು ತಿಂಗ್ಳು ಕಟ್ಟಾಕಾಗ್ದಿದ್ರೆ?"

ಅದಕ್ಕೆ ನಾನು ಗುಂಡಿಯನ್ನೇ ಹಚ್ಚಿರಲಿಲ್ಲ.
ಬುಡದಲ್ಲಿ, ಸಾಸಿವೆಕಾಳಿನಷ್ಟು
ಹಾಕು ಅಂದರು ಮಾಲೀಕರು.
ಎರಡನೇ ಸಾಲಿಗೇ ಹಾಕಿದ್ದೇನೆ,
ದಪ್ಪಗೆ.
ಸೋಮವಾರ ನೋಡುತ್ತಾರೆ.